ಎಡಗಡೆಯ ಬ್ರೇಕು

ಸಿದ್ರಾಮಪ್ಪನವರು ಹತ್ತೊಂಬತ್ತು ವರ್ಷಗಳಿಂದ ಪುಣೆಯ ಯೆರವಡಾ ಭಾಗದಲ್ಲಿ ಕಾರು ನಡೆಸಲು ಕಲಿಸುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅವರು ಕಲಿಸಿದ ಯಾವ ಕಾರಿನ ಮೈಮೇಲೂ ಶಿಷ್ಯರ ಕೈಯಿಂದ ಒಂದು ಗೀರೂ ಬಿದ್ದಿರಲಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರೆಂದರೆ ನಾಲ್ಕೂ ಮೂಲೆ ತಗ್ಗಿ, ಬಣ್ಣ ಕಿತ್ತು, ಬಾಗಿಲು ಸೊಟ್ಟಗಾಗಿ ನಿಂತಿರುತ್ತದೆಂದು ಎಣಿಸಿ ಬಂದವರು ಅವರ ಬಿಳಿಯ ಕಾರನ್ನು ಸವರಿ ನೋಡಿ ಬೆರಗಾಗುತ್ತಿದ್ದರು. "ಹೊಸಾದೇನ್ರಿ ಇದು?" ಎಂದು ಕೇಳಿದವರಿಗೆ ಅವರು, "ಹನ್ನೊಂದು ವರ್ಷದ ಮುದುಕಿ ಅದ. ಪುಣ್ಯಾ ಮಾಡ್ಯಾದ, ನನ್ನ ಕೈಯಾಗ ಸಿಕ್ಕದ" ಎಂದು ನಗುತ್ತಿದ್ದರು.

ಇದರ ಗುಟ್ಟು ಎಡಗಡೆಯ ಸೀಟಿನ ಮುಂದೆ, ಕಾಲಿಡುವ ಕತ್ತಲಿನಲ್ಲಿತ್ತು. ಕಲಿಸುವ ಕಾರುಗಳಲ್ಲಿ ಗುರು ಕೂಡುವ ಎಡಭಾಗದಲ್ಲಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಕಬ್ಬಿಣದ ಸರಳೊಂದು ಅವನ್ನು ಕಲಿಯುವವನ ಪೆಡಲ್ಲುಗಳಿಗೆ ಬಂಧಿಸಿರುತ್ತದೆ. ಎಡಗಡೆ ಒತ್ತಿದರೆ ಬಲಗಡೆಯದೂ ತಾನಾಗಿಯೇ ಇಳಿಯುತ್ತದೆ. ಉಳಿದ ಗುರುಗಳು ಆಪತ್ತು ಬಂದಾಗ ಅದನ್ನು ಒದೆಯುತ್ತಾರೆ. ಕಾರು ಮುಗ್ಗರಿಸಿ ನಿಲ್ಲುತ್ತದೆ. ಕಲಿಯುವವನು ಬೆಚ್ಚಿ ಬೀಳುತ್ತಾನೆ, ನಡುರಸ್ತೆಯಲ್ಲಿ ಬೈಸಿಕೊಳ್ಳುತ್ತಾನೆ. ಸಿದ್ರಾಮಪ್ಪನವರೂ ಮೊದಲೆರಡು ವರ್ಷ ಹಾಗೆಯೇ ಮಾಡಿದ್ದರು. ಒಮ್ಮೆ ಒಬ್ಬ ಹೆಣ್ಣುಮಗಳು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು, ಮರುದಿನದಿಂದ ಬರಲಿಲ್ಲ. ಅದು ಅವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಇಂಡಿ ತಾಲೂಕಿನ ಚಿಕ್ಕ ಮಠವೊಂದರಲ್ಲಿ ಬಾಲ್ಯವನ್ನು ಕಳೆದು, ಗುರುವಿನ ಅನುಗ್ರಹವೆಂಬುದು ಶಿಷ್ಯನ ಕಣ್ಣಿಗೆ ಬೀಳದೆಯೇ ಅವನನ್ನು ಕಾಯುತ್ತಿರಬೇಕೆಂದು ನಂಬಿ ಬೆಳೆದವರು ಅವರು. ಅಂದಿನಿಂದ ಅವರ ಬಲಗಾಲು ಒಂದು ಅಪರೂಪದ ವಿದ್ಯೆಯನ್ನು ಸಾಧಿಸಿತು. ಶಿಷ್ಯನ ಪಾದ ಬ್ರೇಕನ್ನು ಮುಟ್ಟುವುದನ್ನು ಕಡೆಗಣ್ಣಿನಿಂದ ಗುರುತಿಸಿ, ಅದೇ ಕ್ಷಣದಲ್ಲಿ, ಮಲಗಿದ ಕೂಸಿನ ಮೇಲೆ ಹೊದಿಕೆ ಎಳೆದಷ್ಟು ಮೆತ್ತಗೆ, ತಾವು ಒತ್ತುವುದು. ಕಾರು ಅಲುಗದೆ ನಿಲ್ಲುತ್ತಿತ್ತು. ತಾನೇ ನಿಲ್ಲಿಸಿದೆನೆಂಬ ಧೈರ್ಯ ಶಿಷ್ಯನ ಮುಖದಲ್ಲಿ ಅರಳುತ್ತಿತ್ತು. "ಶಾಬಾಸ್! ಹಿಂಗೇ ಹಿಡೀಬೇಕು ನೋಡು" ಎನ್ನುತ್ತಿದ್ದರು ಸಿದ್ರಾಮಪ್ಪನವರು. ಲೈಸೆನ್ಸಿನ ಪರೀಕ್ಷೆಯ ದಿನವೂ ಕಾರು ಅದೇ ಆಗಿರುತ್ತಿತ್ತು, ಎಡಗಡೆಯ ಸೀಟಿನಲ್ಲಿ ಸಿದ್ರಾಮಪ್ಪನವರೇ ಇರುತ್ತಿದ್ದರು, ಪರೀಕ್ಷಕರು ಹೊರಗೆ ನಿಂತು ನೋಡುತ್ತಿದ್ದರು. ಇಪ್ಪತ್ತೊಂದು ದಿನ ಮುಗಿಸಿದವರು ತೆಂಗಿನಕಾಯಿ ಕೊಟ್ಟು, ಕಾಲಿಗೆ ನಮಸ್ಕರಿಸಿ ಹೋಗುತ್ತಿದ್ದರು.

ಭಾದ್ರಪದದ ಒಂದು ಮಧ್ಯಾಹ್ನ, ಜೈಲಿನ ಎತ್ತರದ ಗೋಡೆಯ ಪಕ್ಕದ ರಸ್ತೆಯಲ್ಲಿ ಕಾರು ನಿಲ್ಲಿಸಿ, ಊಟದ ಡಬ್ಬಿಯನ್ನು ಮುಚ್ಚುತ್ತಿದ್ದಾಗ ಮಧುಕರ್ ಬಂದ. ನಾಲ್ಕು ತಿಂಗಳ ಹಿಂದೆ ಅವರಲ್ಲಿ ಕಲಿತುಹೋದ ಮಂಡ್ಯದ ಹುಡುಗ; ಖರಾಡಿಯ ಕಂಪನಿಯೊಂದರಲ್ಲಿ ಕೆಲಸ; ಹೊಸದಾಗಿ ಮದುವೆಯಾದವನು. ಚುರುಕಾದ ಶಿಷ್ಯನೆಂದು ಅವರಿಗೆ ಅವನ ಮೇಲೆ ಮಮತೆಯಿತ್ತು.

"ಏನಪಾ ಮಧುಕರ್! ಗಾಡಿ ತಗೊಂಡಿ ಅಂತ ಸುದ್ದಿ ಬಂತು. ಪೇಢೆ ಎಲ್ಲಿ? ಗುರುಗೋಳ ಬಾಯಿ ಸಿಹಿ ಮಾಡೂದು ಮರ್ತೇನು?"

ಅವನು ನಗಲಿಲ್ಲ. ಹಳೆಯ ವಾಡಿಕೆಯಂತೆ ಬಾಗಿ ಅವರ ಪಾದ ಮುಟ್ಟಿದ. ಮೇಲೆದ್ದಾಗ ಗಡ್ಡ ಬೆಳೆದ ಆ ಮುಖವನ್ನು ಸಿದ್ರಾಮಪ್ಪನವರು ಮೊದಲ ಬಾರಿಗೆ ಸರಿಯಾಗಿ ನೋಡಿದರು.

"ಸರ್, ನನ್ನ ಕಾರಿಗೆ ಸಿಕ್ಕಿ ಒಬ್ರು ತೀರ್ಕೊಂಡ್ರು."

ಡಬ್ಬಿಯ ಮುಚ್ಚಳ ಅವರ ಕೈಯಲ್ಲಿಯೇ ಉಳಿಯಿತು.

ಅವನು ನಿಂತುಕೊಂಡೇ ಹೇಳಿದ. ಲೈಸೆನ್ಸು ಬಂದ ಒಂಬತ್ತನೆಯ ದಿನ. ಭಾನುವಾರದ ಬೆಳಗು. ಹೆಂಡತಿ ಸಿಂಧೂರಳನ್ನು ಕೂರಿಸಿಕೊಂಡು ಲೋಣಾವಳೆಗೆ ಹೊರಟಿದ್ದ. ಹಿಂದಿನ ಸಂಜೆಯಷ್ಟೇ ಮನೆಗೆ ಬಂದ ಕಾರು; ಬರಿದಾದ ರಸ್ತೆಯಲ್ಲಿ ಅಲ್ಲಿಯವರೆಗೆ ಗಟ್ಟಿಯಾಗಿ ಬ್ರೇಕು ಒತ್ತುವ ಪ್ರಸಂಗ ಬಂದಿರಲಿಲ್ಲ. ದಾರಿಯಲ್ಲಿ ಸಿಗುವ ದೇಹೂ ರೋಡ್ ಊರಿನಲ್ಲಿ ಕೊತ್ತಂಬರಿ ಸೊಪ್ಪಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ರಸ್ತೆ ದಾಟಲೆಂದು ಇಳಿದಳು. ಗೋದಾಬಾಯಿ ಎಂದು ಹೆಸರು. ಆ ಹೆಸರು ಅವನಿಗೆ ತಿಳಿದದ್ದು ಪೊಲೀಸರ ಕಾಗದದಿಂದ.

"ನಾನು ಸ್ಪೀಡಾಗಿರ್ಲಿಲ್ಲ ಸರ್. ನಲವತ್ತೂ ಇರ್ಲಿಲ್ಲ. ಅವ್ರನ್ನ ನೋಡ್ದೆ. ದೂರ ಇದ್ರು. ನೀವು ಹೇಳ್ಕೊಟ್ಟಂಗೇ ಕಾಲಿಟ್ಟೆ. ಬ್ರೇಕ್ ಇಳೀಲೇ ಇಲ್ಲ ಸರ್. ಕಲ್ಲಿನ ಮೇಲೆ ಕಾಲಿಟ್ಟಂಗಾಯ್ತು. ಏನೋ ಸ್ಟಕ್ ಆಗಿದೆ ಅಂದ್ಕೊಂಡು ಕಾಲೆತ್ತಿ ಕೆಳಗೆ ನೋಡ್ದೆ. ಮತ್ತೆ ಇಟ್ಟೆ. ತಲೆ ಎತ್ತೋಷ್ಟ್ರಲ್ಲಿ..."

ಸಿದ್ರಾಮಪ್ಪನವರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು.

"ಗಾಡಿ ತಪಾಸಣಿ ಮಾಡಿದ್ರೇನು?"

"ಮಾಡಿದ್ರು. ಬ್ರೇಕ್ ಸರಿಯಾಗಿದೆ ಅಂತ ಬರ್ದಿದ್ದಾರೆ. ಸುಳ್ಳು ಸರ್ ಅದು. ನಿಮ್ಮ ಕಾರಲ್ಲಿ ಹೇಗಿತ್ತು? ಹಿಂಗೆ ಟಚ್ ಮಾಡಿದ್ರೆ ಸಾಕು, ತಾನೇ ಇಳಿದು ನಿಂತ್ಬಿಡ್ತಿತ್ತು. ಬ್ರೇಕ್ ಅಂದ್ರೆ ಹಾಗಿರ್ಬೇಕಲ್ವಾ?"

ಸಿದ್ರಾಮಪ್ಪನವರಿಗೆ ತಮ್ಮ ಬಲಗಾಲು ತಮ್ಮದಲ್ಲವೆಂಬಂತೆ, ಯಾರೋ ತಂದು ಅಲ್ಲಿಟ್ಟು ಹೋದ ವಸ್ತುವೆಂಬಂತೆ ಭಾರವಾಗಿ ತೋರಿತು.

ಮಧುಕರ್ ಚೀಲದಿಂದ ಮರಾಠಿಯಲ್ಲಿ ಟೈಪ್ ಮಾಡಿದ ಕಾಗದವೊಂದನ್ನು ತೆಗೆದ. ಕಾರಿನ ದೋಷದಿಂದಲೇ ಅಪಘಾತವಾಯಿತೆಂದು ವಕೀಲರು ವಾದಿಸಲಿದ್ದರು. ಅದಕ್ಕೆ ಗುರುವಿನ ಮಾತು ಬೇಕಾಗಿತ್ತು. ತರಬೇತಿಯ ಇಪ್ಪತ್ತೊಂದು ದಿನಗಳಲ್ಲಿ ಈತನು ಬ್ರೇಕನ್ನು ಸದಾ ಸಕಾಲದಲ್ಲಿ, ಸರಿಯಾದ ರೀತಿಯಲ್ಲಿ ಹಿಡಿದಿದ್ದಾನೆ, ಒಮ್ಮೆಯೂ ತಪ್ಪಿಲ್ಲ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಸಹಿಗೆ ಜಾಗ.

"ನಾಳೆ ಹನ್ನೊಂದಕ್ಕೆ ಲಾಯರ್ ಹತ್ರ ಹೋಗ್ಬೇಕು ಸರ್. ಇದೊಂದು ಸೈನ್ ಮಾಡ್ಕೊಟ್ರೆ..."

"ನಾಳೆ ಮುಂಜಾನೆ ಹತ್ತಕ್ಕ ಬಾ."

"ಮಾಡ್ತೀರಲ್ವಾ ಸರ್? ನೀವು ಹೇಳಿದ್ರೆ ಎಲ್ರೂ ನಂಬ್ತಾರೆ."

"ಬಾ ನೀ" ಎಂದರು ಸಿದ್ರಾಮಪ್ಪನವರು. ಅವನು ಮತ್ತೆ ಬಾಗಿದಾಗ ಅವರು ಕಾಲುಗಳನ್ನು ಹಿಂದಕ್ಕೆಳೆದುಕೊಂಡರು.

ಸಂಜೆ ಅವರು ಕಾಗದವನ್ನು ಅವಿನಾಶನ ಮುಂದಿಟ್ಟರು. ಸೋಲಾಪುರದ ಕಡೆಯಿಂದ ಬಂದ ಮನೆತನ ಅವನದು. ತಂದೆ ಕಟ್ಟಿದ ಡ್ರೈವಿಂಗ್ ಸ್ಕೂಲನ್ನು ಈಗ ನಡೆಸುತ್ತಿದ್ದವನು ಅವನೇ. ಚಿಕ್ಕಂದಿನಿಂದ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದ. ಎಲ್ಲವನ್ನೂ ಕೇಳಿ, ಕುರ್ಚಿಗೆ ಒರಗಿದ.

"ಸಹಿ ಮಾಡ್ರಿ ಕಾಕಾ, ವಿಷಯ ಸಂಪಲಾ, ಮುಗೀತು. ಇದರಾಗ ಸುಳ್ಳೇನದ? ಅಂವ ಕಾಲು ಇಟ್ಟ, ಗಾಡಿ ನಿಂತು."

"ನಿಲ್ಸಿದಾಂವ ನಾ."

"ಅದನ್ನ ಯಾರು ನೋಡ್ಯಾರ?"

"ಯಾರೂ ನೋಡಿಲ್ಲ, ಅವೀ. ಅದೇ ಅಂಜಿಕಿ ಆಗ್ಲಿಕತ್ತದ ನನಗ."

ಅವಿನಾಶನ ಮುಖ ಬಿಗಿಯಿತು. "ನೋಡ್ರಿ ಕಾಕಾ, ಊರಾಗಿನ ಎಲ್ಲಾ ಮಾಸ್ತರ್ರೂ ಕಾಲು ಇಟ್ಟೇ ಕಲಿಸ್ತಾರ. ನಿಮ್ಮದು ಜರಾ ಮೆತ್ತಗ, ಇಷ್ಟೇ ಫರಕು. ಅಂವಗ ನೀವು ಖರೇ ಹೇಳಿದ್ರ ಸತ್ತಾಕಿ ಎದ್ದು ಬರ್ತಾಳೇನು? ನಮ್ಮ ಬೋರ್ಡ್ ಮಾತ್ರ ಇಳೀತದ. ಹೇಳೂದೇ ಅಂದ್ರ, ಮೊದಲ ಗಾಡಿ ಚಾವಿ ಈ ಟೇಬಲ್ ಮ್ಯಾಲ ಇಟ್ಟು ಹೋಗಿ ಹೇಳ್ರಿ. ಅಪ್ಪಾರ ಕಾಲದಾಗಿಂದ ಇದ್ದೀರಿ ಅಂತ ಇಷ್ಟು ಮೆತ್ತಗ ಮಾತಾಡ್ಲಿಕತ್ತೀನಿ."

ಅಂದು ಸಾಯಂಕಾಲದ ಪೂಜೆಗೆ ಕುಳಿತು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದಾಗ ಅವರ ದೃಷ್ಟಿ ನಿಲ್ಲಲಿಲ್ಲ. ಭಸ್ಮ ಹಚ್ಚಿಕೊಂಡ ಹಣೆಯ ಹಿಂದೆ ಮುಖಗಳು ಸಾಲುಗಟ್ಟಿದವು. ವರ್ಷಕ್ಕೆ ನೂರಕ್ಕೆ ಕಡಿಮೆಯಿಲ್ಲದ ಶಿಷ್ಯರು. ಪ್ರತಿಯೊಬ್ಬರೂ ತಮಗೆ ನಿಲ್ಲಿಸಲು ಬರುತ್ತದೆಂದು ನಂಬಿ ಈ ನಗರದ ರಸ್ತೆಗಳಿಗೆ ಇಳಿದವರು. ಅವರಲ್ಲಿ ಬಹುಮಂದಿ ಯಾವುದೋ ತಿರುವಿನಲ್ಲಿ, ಯಾವುದೋ ಗಾಬರಿಯಲ್ಲಿ, ತಾವಾಗಿಯೇ ಕಲಿತಿರಬೇಕು. ಕಲಿಯುವ ಮೊದಲೇ ಯಾರ ಕಾರಿನ ಮುಂದೆ ಯಾರು ರಸ್ತೆಗೆ ಇಳಿದರೋ! ಇಷ್ಟು ವರ್ಷ ತಾವು ಅನುಗ್ರಹವೆಂದು ತಿಳಿದು ನೀಡಿದ್ದು ಅಜ್ಞಾನವಾಗಿತ್ತು. ಶಿಷ್ಯನ ಭಯವನ್ನು ಕಳೆದೆನೆಂಬ ಹೆಮ್ಮೆಯಲ್ಲಿ, ಆ ಭಯ ಅವನಿಗೆ ಕಲಿಸಬೇಕಾಗಿದ್ದುದನ್ನೂ ಕಳೆದುಬಿಟ್ಟಿದ್ದರು. ಆದರೂ ಮನಸ್ಸು ಒಂದು ಎಳೆಯನ್ನು ಹಿಡಿದು ಜೋತಿತ್ತು: ಆ ಹುಡುಗನ ಕಾರಿನಲ್ಲಿ ನಿಜವಾಗಿಯೂ ದೋಷವಿದ್ದಿರಬಹುದಲ್ಲ?

ಮರುದಿನ ಬೆಳಿಗ್ಗೆ ಏಳಕ್ಕೆ ರೇಣುವಿನ ಪಾಠ. ಜಮಖಂಡಿಯ ಹೆಣ್ಣುಮಗಳು, ಸಾಲ ಕೊಡುವ ಪತಸಂಸ್ಥೆಯೊಂದರಲ್ಲಿ ಗುಮಾಸ್ತೆ, ಅಂದಿಗೆ ಹತ್ತನೆಯ ದಿನ.

"ಸರ್ರ, ನಿನ್ನೆ ಕನಸಿನ್ಯಾಗೂ ಕ್ಲಚ್ ಒತ್ತೀನ್ರಿ. ಪಾಪ, ನಮ್ಮನಿಯವ್ರು ಮಂಚದಿಂದ ಕೆಳಗ!" ಎಂದು ಹೇಳಿ ತಾನೇ ನಕ್ಕಳು.

"ಬೆಲ್ಟ್ ಹಾಕ್ಕೋ ತಂಗಿ" ಎಂದರು ಅವರು. ಎಂದಿನಂತೆ ಎಲ್ಲವನ್ನೂ ಮಾಡಿಸಿದರು: ಸೀಟನ್ನು ಮುಂದಕ್ಕೆ ಸರಿಸುವುದು, ಮೂರೂ ಕನ್ನಡಿಗಳನ್ನು ನೋಡುವುದು, ಬಲಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ಮುಂಗಾಲನ್ನು ಮಾತ್ರ ತಿರುಗಿಸುವುದು. ಅವಳು ಒಂದನ್ನೂ ತಪ್ಪಲಿಲ್ಲ. ಕಾರು ಮೆಲ್ಲನೆ ಗೋಡೆಯ ಗುಂಟ ಹೊರಟಿತು. ರಸ್ತೆ ಬರಿದಾಗಿತ್ತು; ದೂರದಲ್ಲಿ ನೀರಿನ ಟ್ಯಾಂಕರೊಂದು ನಿಂತಿತ್ತು.

"ಆ ಟ್ಯಾಂಕರಿನ ಹಿಂದ, ಒಂದು ಗಾಡಿ ಜಾಗ ಬಿಟ್ಟು ನಿಲ್ಸು."

ಹೇಳುತ್ತ ಅವರು ಹದಿನೇಳು ವರ್ಷಗಳಲ್ಲಿ ಮಾಡದಿದ್ದುದನ್ನು ಮಾಡಿದರು. ಬಲಗಾಲನ್ನು ಎಡಗಡೆಯ ಬ್ರೇಕಿನಿಂದ ಒಂದು ಅಂಗುಲ ಮೇಲಕ್ಕೆತ್ತಿ ಹಿಡಿದರು.

ರೇಣು ನಿರಾತಂಕವಾಗಿ ಕಾಲಿಟ್ಟಳು. ಕಾರು ನಿಲ್ಲಲಿಲ್ಲ. ವೇಗ ತುಸು ತಗ್ಗಿತು, ಅಷ್ಟೇ. ಅವಳು ಮುಖ ಗಂಟಿಕ್ಕಿ ಪಾದವನ್ನು ಎತ್ತಿದಳು, ಮತ್ತೆ ಇಟ್ಟಳು, ಏನಾಯಿತೆಂದು ತಲೆ ತಗ್ಗಿಸಿ ಕೆಳಗೆ ನೋಡಿದಳು. ಟ್ಯಾಂಕರಿನ ಹಿಂದಿನ ನಲ್ಲಿ, ಅದರಿಂದ ತೊಟ್ಟಿಕ್ಕುವ ನೀರು, ನಲ್ಲಿಗೆ ಸುತ್ತಿದ ಚಿಂದಿ ಬಟ್ಟೆ ಒಂದೊಂದಾಗಿ ದೊಡ್ಡದಾಗುತ್ತ ಬಂದವು. ಸಿದ್ರಾಮಪ್ಪನವರು ಕಾದರು, ಕಾಯಬಾರದಷ್ಟು ಕಾದರು, ಅನಂತರ ಬಲವಾಗಿ ಒತ್ತಿದರು. ಕಾರು ಮುಗ್ಗರಿಸಿ, ಒಂದು ಮೊಳದ ಅಂತರದಲ್ಲಿ ನಿಂತಿತು.

ರೇಣು ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟಳು. "ಅಯ್ಯ ಶಿವನ! ಸರ್ರ, ಇವತ್ತ ಬ್ರೇಕ್ ಯಾಕೋ ಭಾಳ ಬಿಗಿ ಆಗ್ಯಾದಲ್ರಿ. ಗ್ಯಾರೇಜಿಗೆ ತೋರಸ್ರಿ."

ಬೇರೊಂದು ಬಾಯಿಯಿಂದ ಅದೇ ಮಾತು. ಮನಸ್ಸು ಜೋತುಬಿದ್ದಿದ್ದ ಎಳೆ ಹರಿಯಿತು.

"ಗಾಡಿ ಸರಿ ಅದ ತಂಗಿ" ಎಂದರು ಅವರು. "ನಾ ನಿನಗ ನಿಲ್ಸೂದು ಕಲಿಸಿಲ್ಲ. ಕಲಿಯೂ ತನಕ ಯಾರ ಗಾಡೀನೂ ಮುಟ್ಟಬ್ಯಾಡ. ಆಣಿ ಅದ ನಿನಗ."

ಅವಳು ಏನೋ ಹಾಸ್ಯ ಮಾಡಲು ಬಾಯಿ ತೆರೆದವಳು, ಅವರ ಮುಖ ನೋಡಿ ಬೆಲ್ಟ್ ಬಿಚ್ಚಿದಳು.

ಅವಳನ್ನು ಕಳುಹಿಸಿ, ಅವರು ಕಾರಿನಲ್ಲಿಯೇ ಕುಳಿತು ಬಿಳಿಯ ಹಾಳೆಯೊಂದರ ಮೇಲೆ ಮರಾಠಿಯಲ್ಲಿ ಬರೆದರು. ಬರೆದದ್ದು ನಾಲ್ಕೇ ಸಾಲು: ಈ ಶಿಷ್ಯನ ಇಪ್ಪತ್ತೊಂದು ದಿನಗಳಲ್ಲಿ ಪ್ರತಿಸಲವೂ ಬ್ರೇಕು ಒತ್ತಿದವನು ನಾನು, ಆತ ಒಮ್ಮೆಯೂ ತಾನಾಗಿ ಕಾರನ್ನು ನಿಲ್ಲಿಸಿಲ್ಲ, ಇದನ್ನು ಆತನಿಗೆ ತಿಳಿಸದೆ ಕಾರು ನಡೆಸಲು ಯೋಗ್ಯನೆಂದು ಹೇಳಿ ಕಳುಹಿಸಿದೆ, ಪರೀಕ್ಷೆಯ ದಿನವೂ ಹಾಗೆಯೇ ಮಾಡಿದೆ. ಕೆಳಗೆ ತಮ್ಮ ಪೂರ್ಣ ಹೆಸರು, ಊರು, ಸಹಿ.

ಹತ್ತಕ್ಕೆ ಐದು ನಿಮಿಷವಿರುವಾಗಲೇ ಮಧುಕರ್ ಬಂದ. ಪೆನ್ನನ್ನು ಕೈಯಲ್ಲಿಯೇ ಹಿಡಿದಿದ್ದ.

"ಬಲಗಡೆ ಕೂಡು" ಎಂದರು ಸಿದ್ರಾಮಪ್ಪನವರು.

"ಸರ್, ನನ್ನ ಲೈಸೆನ್ಸ್ ತಗೊಂಡಿದ್ದಾರೆ. ನಾನು ಓಡಿಸೋ ಹಾಗಿಲ್ಲ."

"ಗಾಡಿ ಎಲ್ಲೂ ಹೋಗೂದಿಲ್ಲ. ಕೂಡು."

ಅವನು ಕುಳಿತ. ಎರಡು ತಿಂಗಳಿಂದ ಆ ಕಡೆಯ ಸೀಟಿನಲ್ಲಿ ಕೂರದವನು ಸ್ಟಿಯರಿಂಗನ್ನು ಮುಟ್ಟದೆ ಕೈಗಳನ್ನು ಹಿಂದಕ್ಕೆಳೆದುಕೊಂಡ. ಅವರು ಗೇರು ತೆಗೆದು, ಕೈಬ್ರೇಕು ಎಳೆದು, ಕೀಲಿ ತಿರುಗಿಸಿ ಇಂಜಿನನ್ನು ಚಾಲೂ ಮಾಡಿದರು.

"ಬ್ರೇಕಿನ ಮ್ಯಾಲ ಕಾಲಿಡು. ನನ್ನ ಹತ್ರ ಕಲಿಯೂಮುಂದ ಹೆಂಗ ಇಡ್ತಿದ್ದಿ, ಹಂಗೇ."

ಮಧುಕರ್ ಕಾಲಿಟ್ಟ. ಪೆಡಲ್ಲು ಹಿತವಾಗಿ, ಆಜ್ಞೆಗೆ ಕಾದಿದ್ದ ಆಳಿನಂತೆ ಇಳಿಯಿತು.

"ನೋಡಿ ಸರ್, ಇದೇ! ಇದನ್ನೇ ನಾನು ಹೇಳಿದ್ದು. ನನ್ನ ಕಾರಲ್ಲಿ ಹಿಂಗೆ ಇಳೀಲಿಲ್ಲ."

"ಈಗ ಈ ಕಡೆ ನೋಡು. ನನ್ನ ಕಾಲು ನೋಡು."

ಅವನು ತಿರುಗಿ ನೋಡಿದ. ಎಡಗಡೆಯ ಕತ್ತಲಿನಲ್ಲಿ ಅವರ ಬಲಗಾಲು ಒತ್ತಿಕೊಂಡಿತ್ತು. ಅವರು ಅದನ್ನು ಎತ್ತಿದರು. ಮಧುಕರನ ಪಾದದ ಕೆಳಗಿನ ಪೆಡಲ್ಲು ಅವನ ಪಾದವನ್ನೂ ಎತ್ತಿಕೊಂಡು ಮೇಲೆ ಬಂದಿತು. ಒತ್ತಿದರು, ಇಳಿಯಿತು. ಎತ್ತಿದರು. ಅನಂತರ ಎರಡೂ ಕಾಲುಗಳನ್ನು ಸೀಟಿನ ಕೆಳಕ್ಕೆ ಸೇರಿಸಿಕೊಂಡರು.

"ಈಗ ಇಡು."

ಅವನು ಇಟ್ಟ. ಪೆಡಲ್ಲು ಕದಲಲಿಲ್ಲ. ಕಲ್ಲಿನಂತೆ ಇತ್ತು.

ರಸ್ತೆಯಲ್ಲಿ ರಿಕ್ಷಾಗಳು ಹಾದುಹೋದವು. ಅವನು ಬಗ್ಗಿ, ಆ ಎರಡು ಪೆಡಲ್ಲುಗಳನ್ನು ಜೋಡಿಸಿದ ಸರಳನ್ನು ಬೆರಳಿನಿಂದ ಮುಟ್ಟಿ ನೋಡಿದ.

"ದಿನಾಲೂ?"

"ದಿನಾಲೂ."

"ಟೆಸ್ಟ್ ದಿನಾನೂ?"

"ಅವತ್ತೂ."

"ಹಂಗಾದ್ರೆ ನನ್ನ ಕಾರಲ್ಲಿ ಏನೂ ಆಗಿರ್ಲಿಲ್ಲ."

"ಇಲ್ಲಪಾ. ಜೋರ್ಲೆ ಒತ್ತಿದ್ರ ನಿಲ್ತಿತ್ತು."

"ನಾನು ಕಾಲೆತ್ತಿದೆ ಸರ್." ಅವನ ಧ್ವನಿ ಸಣ್ಣದಾಯಿತು. "ಅಷ್ಟು ದೂರ ಇದ್ರು. ಟೈಮಿತ್ತು. ನಾನು ಕಾಲೆತ್ತಿದೆ."

ಸಿದ್ರಾಮಪ್ಪನವರು ಬರೆದ ಹಾಳೆಯನ್ನು ಅವನ ಕೈಗೆ ಕೊಟ್ಟರು. ಅವನು ನಿಧಾನವಾಗಿ, ಅಕ್ಷರ ಅಕ್ಷರವನ್ನು ಕೂಡಿಸುತ್ತ ಓದಿದ.

"ಇದನ್ನ ಲಾಯರ್ ಮುಟ್ಟಲ್ಲ. ಓಡಿಸೋಕೆ ಬರ್ದೇ ಇರೋನು ರೋಡಿಗಿಳಿದ ಅಂತಾಗುತ್ತೆ."

"ಗೊತ್ತದ."

"ಎರಡು ತಿಂಗಳು ಸರ್... ಬ್ರೇಕ್ ಕೆಟ್ಟಿತ್ತು, ಬ್ರೇಕ್ ಕೆಟ್ಟಿತ್ತು ಅಂದ್ಕೊಂಡೇ ಬದುಕಿದ್ದೆ. ಸಿಂಧೂರಂಗೂ ಅದನ್ನೇ ಹೇಳಿದ್ದೆ. ಸೈನ್ ಮಾಡಿ ಕಳಿಸ್ಬಹುದಿತ್ತಲ್ಲ ನೀವು. ಯಾಕೆ ಹೇಳಿದ್ರಿ?"

ಅದಕ್ಕೆ ಕೊಡಬಹುದಾದ ಉತ್ತರಗಳನ್ನು ಅವರು ಬೆಳಗಿನಿಂದ ಜೋಡಿಸಿಕೊಂಡಿದ್ದರು. ಸತ್ಯದ ವಿಷಯ, ಪಾಪದ ವಿಷಯ, ಮಠದಲ್ಲಿ ಕೇಳಿದ ಹಿತೋಕ್ತಿಗಳು ಎಲ್ಲವೂ ಇದ್ದವು. ಆ ಮುಖವನ್ನು ನೋಡಿ ಅವನ್ನೆಲ್ಲ ಬದಿಗಿಟ್ಟರು.

"ನೀ ಒಯ್ಯದಿದ್ರ ನಾ ಒಯ್ದು ಕೊಡ್ತೀನಿ, ಪೊಲೀಸ್ ಠಾಣೆಗೆ" ಎಂದಷ್ಟೇ ಹೇಳಿದರು. "ಇನ್ನ ಹತ್ತು ನಿಮಿಷಕ್ಕ ಚಾವಿ ಅವಿನಾಶಗ ಕೊಟ್ಟು ನಾ ದೇಹೂ ರೋಡಿಗೆ ಹೊಂಟೀನಿ. ನಿನ್ನ ತಪ್ಪಿನಾಗ ನಂದೆಷ್ಟು ಅಂತ ಅಲ್ಲಿಯ ಪೊಲೀಸರಿಗೆ ಗೊತ್ತಾಗ್ಲಿ. ನಿನಗ ಅದರಿಂದ ಕೆಟ್ಟದ್ದೇ ಆಗಬಹುದು. ಆದರೂ ನಾ ಒಯ್ಯಾಂವ."

ಮಧುಕರ್ ಬೇಡವೆನ್ನಲಿಲ್ಲ. ಹಾಳೆಯನ್ನು ಮಡಿಸಿ ಅವರ ತೊಡೆಯ ಮೇಲಿಟ್ಟ. ವಕೀಲರ ಕಾಗದವನ್ನು ಪೆನ್ನಿನೊಂದಿಗೆ ಚೀಲದೊಳಗೆ ಹಾಕಿದ. ಇಳಿಯುತ್ತಾನೆಂದುಕೊಂಡರು, ಅವನು ಇಳಿಯಲಿಲ್ಲ.

"ಹೆಂಗೆ ಒತ್ತಬೇಕು ಸರ್?"

ಸಿದ್ರಾಮಪ್ಪನವರು ಅವನ ಪಾದದ ಕಡೆ ಬೆರಳು ತೋರಿಸಿದರು. ಒಂದೊಂದಾಗಿ ಹೇಳಿದರು: "ಹಿಮ್ಮಡಿ ನೆಲಕ್ಕ. ಮುಂಗಾಲು ನಡುವ. ಮೊದಲ ಮೆತ್ತಗ, ಆಮ್ಯಾಲ ಜೋರ್ಲೆ. ಆಪತ್ತು ಬಂದ್ರ ಪೂರಾ ಮೈಭಾರ ಹಾಕಿ ಒತ್ತಬೇಕು. ಗಾಡಿ ನಿಲ್ಲೂ ತನಕ ಕಾಲು ಎತ್ತಬಾರದು. ಕೆಳಗ ನೋಡಬಾರದು. ಎದುರಿಗೆ ನೋಡಬೇಕು."

ಮಧುಕರ್ ಹಿಮ್ಮಡಿಯನ್ನು ಊರಿ ಒತ್ತಿದ. ಪೆಡಲ್ಲು ಒಂದಿಷ್ಟು ಹಟ ಮಾಡಿ, ಅನಂತರ ಸೋತು, ಪೂರ್ತಿ ಕೆಳಗಿಳಿಯಿತು. ಹಿಂದಿನ ದೀಪಗಳ ಕೆಂಪು ಬೆಳಕು ಜೈಲಿನ ಗೋಡೆಯ ಮೇಲೆ ಮಂಕಾಗಿ ಬಿದ್ದಿತು.

"ಇಷ್ಟೇನಾ ಸರ್?"

"ಇಷ್ಟೇ."

ಅವನು ಎದುರಿಗೆ, ಬರಿದಾದ ರಸ್ತೆಯನ್ನೇ ನೋಡುತ್ತಿದ್ದ. ನಿಂತೇ ಇದ್ದ ಆ ಕಾರಿನ ಬ್ರೇಕನ್ನು ತೊಡೆಯ ನರಗಳು ಉಬ್ಬುವಷ್ಟು ಬಲವಾಗಿ ಒತ್ತಿ ಹಿಡಿದಿದ್ದ. ಸಿದ್ರಾಮಪ್ಪನವರು ಕಾಲುಗಳನ್ನು ಸೀಟಿನ ಕೆಳಗೆ ಅಡಗಿಸಿಕೊಂಡು, ಸಾಕೆನ್ನುವ ಧೈರ್ಯವಿಲ್ಲದೆ, ಅವನ ಪಕ್ಕದಲ್ಲಿ ಕುಳಿತೇ ಇದ್ದರು.